1860ರ ದಶಕದ ಲಂಡನ್ ಮನೆ, ಈಗ ನಾಲ್ಕು ಫ್ಲ್ಯಾಟ್: ನಡುಗೋಡೆ, ಚಿಮಣಿಯ ಕಲೆ, ಮೇಲಿನವರ ಹೆಜ್ಜೆ ಸದ್ದು

ಮೊದಲ_ಮಹಡಿ (ಪ್ರಶ್ನೆ)

ನಮಸ್ಕಾರ. ಲ್ಯಾಂಬೆತ್‌ನಲ್ಲಿ, ಬಸವಣ್ಣನವರ ಪ್ರತಿಮೆ ಇರುವ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಫ್ಲ್ಯಾಟ್ ಕೊಳ್ಳುವ ಮಾತುಕತೆ ನಡೆದಿದೆ. ಕಟ್ಟಡ 1860ರ ದಶಕದ ಸಾಲುಮನೆ. ಹಳದಿ ಲಂಡನ್ ಸ್ಟಾಕ್ ಇಟ್ಟಿಗೆ, ಕೆಳಗಿನ ಎರಡು ಅಂತಸ್ತಿನ ಮುಂಭಾಗಕ್ಕೆ ಸ್ಟಕೊ ಗಿಲಾವು. ಅರ್ಧ ನೆಲದೊಳಗೆ ಇಳಿದ ಕೆಳ ಅಂತಸ್ತು, ಮೆಟ್ಟಿಲು ಹತ್ತಿ ಹೋಗುವ ಎತ್ತರದ ಗ್ರೌಂಡ್ ಫ್ಲೋರ್, ಅದರ ಮೇಲೆ ಎರಡು ಮಹಡಿ. ಬೀದಿಯಿಂದ ಸೂರು ಕಾಣದಂತೆ ಪ್ಯಾರಪೆಟ್ ಗೋಡೆ ಇದೆ. ಹಿಂದಿನಿಂದ ನೋಡಿದರೆ ಗೋಡೆಯ ತಲೆ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಾಣುತ್ತದೆ. 1980ರ ದಶಕದಲ್ಲಿ ಅಂತಸ್ತಿಗೊಂದರಂತೆ ನಾಲ್ಕು ಫ್ಲ್ಯಾಟ್ ಮಾಡಿದ್ದಾರೆ. ನೋಡುತ್ತಿರುವುದು ಮೊದಲ ಮಹಡಿಯದು. ಪ್ರದೇಶ ಕನ್ಸರ್ವೇಷನ್ ಏರಿಯಾ (ಹಳೆಯ ರೂಪ ಕಾಪಾಡುವ ವಲಯ), ಆದರೆ ಮನೆ ಲಿಸ್ಟೆಡ್ (ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವುದು) ಅಲ್ಲ.

ಮುಂದಿನ ಕೋಣೆ ಮತ್ತು ಹಿಂದಿನ ಕೋಣೆಯ ನಡುವಿನ ಗೋಡೆ ತಟ್ಟಿದರೆ ಟೊಳ್ಳು ಸದ್ದು. ಏಜೆಂಟ್ ಪ್ರಕಾರ ಅದು ಬರೀ ಮರದ ಅಡ್ಡಗೋಡೆ, ತೆಗೆಸಿದರೆ ಒಂದೇ ದೊಡ್ಡ ಹಾಲ್ ಆಗುತ್ತದೆ. ಮುಂದಿನ ಕೋಣೆಯ ಚಿಮಣಿ ಉಬ್ಬಿನ (ಹೊಗೆಕೊಳವೆಗಾಗಿ ಗೋಡೆಯಿಂದ ಮುಂದಕ್ಕೆ ಚಾಚಿದ ಇಟ್ಟಿಗೆ ಭಾಗ) ಮೇಲೆ ಎದೆಮಟ್ಟದಲ್ಲಿ ಸುಮಾರು 40 ಸೆಂ.ಮೀ. ಅಗಲದ ಕಂದು ಕಲೆ ಇದೆ; ತೇವ ಅಳೆಯುವ ಮೀಟರ್ ಹಿಡಿದರೆ ಕೆಂಪು ಮುಟ್ಟುತ್ತದೆ. ಇದಕ್ಕೆ ಗೋಡೆಗೆ ರಾಸಾಯನಿಕ ಡಿಪಿಸಿ (ನೆಲದ ತೇವ ಗೋಡೆಗೆ ಏರದಂತೆ ತಡೆಯುವ ಪದರ) ಚುಚ್ಚಬೇಕು ಎಂಬ ಸಲಹೆ ಬಂದಿದೆ. ಮೇಲಿನ ಫ್ಲ್ಯಾಟ್‌ನಲ್ಲಿ ನಡೆದರೆ ಹೆಜ್ಜೆ ಹೆಜ್ಜೆಯೂ ಕೇಳುತ್ತದೆ. ಇವುಗಳಲ್ಲಿ ಯಾವುದು ಸರಿಪಡಿಸುವಂಥದ್ದು, ಯಾವುದಕ್ಕೆ ಕೈ ಹಾಕಲೇಬಾರದು? ಬೀದಿ ಕಡೆಯ ಗೋಡೆ ತುಂಬ ತಣ್ಣಗಿದೆ, ಒಳಗಿನಿಂದ ಇನ್ಸುಲೇಷನ್ ಹಾಕಿಸಬಹುದೇ ಎಂಬುದೂ ತಿಳಿಯಬೇಕು.

ತೊಲೆಜಂತಿ

ನಡುಗೋಡೆಯ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅತಿ ದುಬಾರಿ ತಪ್ಪು ಆಗುವುದು ಅಲ್ಲೇ. ಟೊಳ್ಳು ಸದ್ದು ಬಂದ ಮಾತ್ರಕ್ಕೆ ಗೋಡೆ ಭಾರ ಹೊತ್ತಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಈ ಕಾಲದ ಲಂಡನ್ ಸಾಲುಮನೆಗಳಲ್ಲಿ ಮೇಲಿನ ಮಹಡಿಗಳ ನಡುಗೋಡೆಯನ್ನು ಮರದಲ್ಲೇ ಕಟ್ಟುತ್ತಿದ್ದರು, ಅದರ ಮೇಲೆಯೇ ಮಹಡಿಯ ಜಂತಿಗಳನ್ನು ಕೂರಿಸುತ್ತಿದ್ದರು.

ಮನೆಯ ಅಗಲ ಸಾಮಾನ್ಯವಾಗಿ 16ರಿಂದ 18 ಅಡಿ. ಅಕ್ಕಪಕ್ಕದಲ್ಲಿ ನೆರೆಮನೆಯೊಂದಿಗೆ ಹಂಚಿಕೊಂಡ ಪಾರ್ಟಿ ವಾಲ್. ಜಂತಿಗಳು ಬೀದಿ ಗೋಡೆಯಿಂದ ಹೊರಟು ನಡುಗೋಡೆಯ ಮೇಲೆ ಕೂತು, ಅಲ್ಲಿಂದ ಹಿಂದಿನ ಗೋಡೆಗೆ ಹಾಯುತ್ತವೆ. ಒಂದೊಂದು ಹಾಯುವಿಕೆ ಸುಮಾರು 4 ಮೀಟರ್. ನಡುಗೋಡೆ ತೆಗೆದರೆ ಅದೇ ಜಂತಿ 8 ಮೀಟರ್ ಹಾಯಬೇಕು, ಅದು ಆಗದ ಮಾತು.

ಆ ಮರದ ಗೋಡೆಯ ಒಳಗೆ 4 ಇಂಚು ಆಳದ ನಿಲುಗಂಬಗಳಿರುತ್ತವೆ. ಅವುಗಳ ಜೊತೆಗೆ ಓರೆಯಾಗಿ ಹೋಗುವ ದಪ್ಪ ಮರವೂ ಇರುತ್ತದೆ. ಪಾರ್ಟಿ ವಾಲ್ ಬಳಿ ಬುಡದಿಂದ ಹೊರಟು ಬಾಗಿಲ ತಲೆಯ ಕಡೆಗೆ ಏರುವ ಈ ಓರೆಮರವೇ ಗೋಡೆಗೆ ಟ್ರಸ್‌ನ (ತ್ರಿಕೋನವಾಗಿ ಹೆಣೆದ ಚೌಕಟ್ಟಿನ) ಶಕ್ತಿ ಕೊಡುವುದು. ಕೆಳಗಿನ ಅಂತಸ್ತಿನಲ್ಲಿ ಎರಡು ಕೋಣೆಗಳ ನಡುವೆ ಅಗಲವಾದ ಮಡಚು ಬಾಗಿಲು ಇಡುತ್ತಿದ್ದರಲ್ಲ, ಆ ತೆರಪಿನ ಮೇಲೆ ಭಾರ ಬೀಳದಂತೆ ಇಡೀ ಗೋಡೆ ಸೇತುವೆಯ ಹಾಗೆ ಹಾಯ್ದು ನಿಲ್ಲುತ್ತದೆ. ಫ್ಲ್ಯಾಟ್ ಮಾಡುವಾಗ ಹೊಸ ಬಾಗಿಲಿಗೆಂದು ಈ ಓರೆಮರವನ್ನೇ ಕತ್ತರಿಸಿಬಿಟ್ಟ ಮನೆಗಳಿವೆ. ಅಂಥಲ್ಲಿ ಮೇಲಿನ ಮಹಡಿಯ ನೆಲ ನಡುಗೋಡೆಯ ಕಡೆಗೆ ಜಗ್ಗಿರುತ್ತದೆ, ಬಾಗಿಲವಾಡ ಚೌಕ ಕಳೆದುಕೊಂಡಿರುತ್ತದೆ. ನೋಡಲು ಹೋದಾಗ ನೆಲದ ಮೇಲೆ ಒಂದು ಗೋಲಿ ಬಿಡಿ, ಅಥವಾ ಒಂದು ಮೀಟರ್ ಉದ್ದದ ರಸಮಟ್ಟ ಇಡಿ.

ಗೋಡೆ ಒಡೆಯದೆ ತಿಳಿಯುವ ದಾರಿ ಹಳೆಯ ಹಲಗೆ ನೆಲ. ಹಲಗೆಗಳು ಯಾವಾಗಲೂ ಜಂತಿಗೆ ಅಡ್ಡವಾಗಿರುತ್ತವೆ. ಹಲಗೆ ಬೀದಿಗೆ ಸಮಾನಾಂತರವಾಗಿದ್ದರೆ ಜಂತಿ ಮುಂದಿನಿಂದ ಹಿಂದಕ್ಕೆ ಹೋಗಿದೆ ಎಂದರ್ಥ. ಕಾರ್ಪೆಟ್ ಮೂಲೆ ಎತ್ತಿ ಮೊಳೆಗಳ ಸಾಲು ನೋಡಿ. 350ರಿಂದ 400 ಮಿ.ಮೀ.ಗೆ ಒಂದು ಸಾಲು ಸಿಗುತ್ತದೆ. ಈಗ ನಡುಗೋಡೆಯ ಬಾಗಿಲ ಹೊಸ್ತಿಲಲ್ಲಿ ನಿಂತು ಎರಡೂ ಕಡೆಯ ಸಾಲುಗಳನ್ನು ಹೋಲಿಸಿ. ಮುಂದಿನ ಕೋಣೆಯ ಸಾಲು ಹಿಂದಿನ ಕೋಣೆಯ ಸಾಲಿಗೆ ನೇರ ಸೇರದೆ ಒಂದು ಜಂತಿಯ ದಪ್ಪದಷ್ಟು, ಅಂದರೆ 50 ಮಿ.ಮೀ. ಆಸುಪಾಸು, ಪಕ್ಕಕ್ಕೆ ಸರಿದಿದ್ದರೆ ಜಂತಿಗಳು ಅಲ್ಲಿ ಒಂದರ ಮಗ್ಗುಲಲ್ಲೊಂದು ಕೂತಿವೆ, ಅಲ್ಲಿ ಆಧಾರವಿದೆ. ಇದು ನಿಮ್ಮ ಫ್ಲ್ಯಾಟ್‌ನ ನೆಲದ ಕಥೆ, ಗೋಡೆ ಹೊತ್ತಿರುವುದು ಮೇಲಿನ ನೆಲವನ್ನು. ಆದರೂ ಒಂದೇ ಮೇಸ್ತ್ರಿ ಕಟ್ಟಿದ ಮನೆಯಲ್ಲಿ ಮಹಡಿಯಿಂದ ಮಹಡಿಗೆ ದಿಕ್ಕು ಬದಲಾಗುವುದು ಅಪರೂಪ.

ತೆಗೆಯಲೇಬೇಕೆಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ, ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡ ನಿಯಮಗಳ ಪಾಲನೆ ನೋಡುವ ವಿಭಾಗ) ಅನುಮತಿ, ಉಕ್ಕಿನ ತೊಲೆ ಬೇಕು. ತೊಲೆಯ ತುದಿ ಪಾರ್ಟಿ ವಾಲ್‌ನೊಳಗೆ ಹೋಗುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ನೆರೆಮನೆಯವರಿಗೆ ಎರಡು ತಿಂಗಳ ಮುಂಚಿನ ನೋಟಿಸ್. ತೊಲೆ ಕೂರುವ ಜಾಗದಲ್ಲಿ ಭಾರ ಹರಡುವ ಕಾಂಕ್ರೀಟ್ ದಿಮ್ಮಿ, ಅಂದರೆ ಪ್ಯಾಡ್‌ಸ್ಟೋನ್, ಬೇಕು, ಮೆದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಮೇಲೆ ಉಕ್ಕನ್ನು ನೇರ ಕೂರಿಸಿದರೆ ಇಟ್ಟಿಗೆ ಜಜ್ಜಿಹೋಗುತ್ತದೆ. ಕೆಲಸದ ವೇಳೆ ಆನಿಸುವ ಆಕ್ರೋ ಪ್ರಾಪ್‌ಗಳನ್ನು (ಎತ್ತರ ಹೊಂದಿಸಬಹುದಾದ ತಾತ್ಕಾಲಿಕ ಉಕ್ಕಿನ ಊರೆಗಂಬ) ನಿಮ್ಮ ಹಲಗೆ ನೆಲದ ಮೇಲೆ ನಿಲ್ಲಿಸಿದರೆ ಭಾರ ಕೆಳಗಿನವರ ಸೀಲಿಂಗ್‌ಗೆ ಇಳಿಯುತ್ತದೆ ಅಷ್ಟೇ. ಪ್ರಾಪ್ ಒಂದರ ಕೆಳಗೆ ಒಂದು ಗಟ್ಟಿ ನೆಲದವರೆಗೂ ಇಳಿಯಬೇಕು. ಅಂದರೆ ಕೆಳಗಿನ ಎರಡೂ ಮನೆಯವರು ಬಾಗಿಲು ತೆರೆಯಬೇಕು.

ಕೆಳಗಿನ ಫ್ಲ್ಯಾಟ್‌ನವರು ತಮ್ಮ ನಡುಗೋಡೆಯನ್ನು ಆಗಲೇ ತೆಗೆದಿದ್ದಾರೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ. ತೆಗೆದಿದ್ದರೆ ಯಾವ ತೊಲೆಯ ಮೇಲೆ, ಯಾರ ಲೆಕ್ಕದಲ್ಲಿ? ನಿಮ್ಮ ಗೋಡೆ ಅದರ ಮೇಲೆ ನಿಂತಿದೆ.

ತೊಲೆ ಬಾಗುವ ಮಿತಿಯನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಉದ್ದದ 360ನೇ ಒಂದು ಭಾಗ ಎಂದು ಹಿಡಿಯುತ್ತಾರೆ. 4 ಮೀಟರ್‌ಗೆ ಅದು 11 ಮಿ.ಮೀ. ಉಕ್ಕಿಗೆ ಏನೂ ಆಗುವುದಿಲ್ಲ, ಆದರೆ ಹಳೆಯ ಗಿಲಾವು ಸೀಲಿಂಗ್ ಮತ್ತು ಅಂಚಿನ ಕಾರ್ನಿಸ್ ಅಷ್ಟಕ್ಕೇ ಬಿರುಕು ಬಿಡುತ್ತವೆ. ಇನ್ನೂ ಬಿಗಿಯಾದ ಮಿತಿಗೆ ಲೆಕ್ಕ ಹಾಕಿಸಿ.

ನನ್ನ ಸಲಹೆ ಕೇಳುವುದಾದರೆ ಇಡೀ ಗೋಡೆ ತೆಗೆಯಬೇಡಿ. ಎಂಜಿನಿಯರ್ ಒಪ್ಪುವ ಜಾಗದಲ್ಲಿ 1.5ರಿಂದ 1.8 ಮೀಟರ್ ಅಗಲದ ಜೋಡಿ ಬಾಗಿಲಿನ ತೆರಪು ಮಾಡಿಸಿ. ಎರಡೂ ಬದಿ ಗೋಡೆ ಉಳಿಯುತ್ತದೆ, ಕಾರ್ನಿಸ್ ಉಳಿಯುತ್ತದೆ, ತೊಲೆ ಚಿಕ್ಕದಾಗುತ್ತದೆ, ಮತ್ತು ಮನೆ ಮೂಲತಃ ಹೇಗೆ ಯೋಚಿಸಿ ಕಟ್ಟಿದ್ದೋ ಆ ಕ್ರಮ ಕಣ್ಣಿಗೆ ಕಾಣುತ್ತದೆ.

ಗಾರೆಕೆಲಸ

ಕಲೆಯ ವಿಚಾರಕ್ಕೆ ಬರುತ್ತೇನೆ. ಮೊದಲ ಮಹಡಿಯ ಗೋಡೆಗೆ ಡಿಪಿಸಿ ಚುಚ್ಚುವ ಸಲಹೆ ಕೊಟ್ಟವರಿಗೆ ಒಂದು ಪೌಂಡೂ ಕೊಡಬೇಡಿ. ನೆಲದಿಂದ ಇಟ್ಟಿಗೆಯಲ್ಲಿ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡು ಅಂತಸ್ತು ಹತ್ತಿ ಚಿಮಣಿಯ ಮೇಲೆ ಮಾತ್ರ ಗುಂಡಗೆ ಕಲೆಯಾಗಿ ಮೂಡುವುದಿಲ್ಲ. 1860ರ ದಶಕದ ಮನೆಯಲ್ಲಿ ಮೂಲ ಡಿಪಿಸಿ ಇಲ್ಲದಿರುವುದೇ ಹೆಚ್ಚು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರದ ನಿಯಮಗಳಲ್ಲೇ ಅದು ರೂಢಿಗೆ ಬಂದದ್ದು. ಆ ಚಿಂತೆ ನೆಲದೊಳಗಿನ ಫ್ಲ್ಯಾಟ್‌ನದು.

ನಿಮ್ಮ ಕಲೆಗೆ ಕಾರಣ ಬೇರೆ. ನೂರು ವರ್ಷ ಕಲ್ಲಿದ್ದಲು ಉರಿದ ಚಿಮಣಿಯ ಒಳಮೈಗೆ ಇಲ್ಲಣದ ಜೊತೆ ಉಪ್ಪುಗಳೂ ಅಂಟಿಕೊಂಡಿರುತ್ತವೆ. ಮಳೆನೀರು ಅಥವಾ ಒಳಗೇ ಕಟ್ಟಿದ ಆವಿ ಆ ಉಪ್ಪನ್ನು ಕರಗಿಸಿ ಇಟ್ಟಿಗೆಯ ಮೂಲಕ ಗಿಲಾವಿಗೆ ತರುತ್ತದೆ. ಉಪ್ಪು ಒಮ್ಮೆ ಗಿಲಾವಿಗೆ ಬಂದಮೇಲೆ ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತಾ ಇರುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬ ಮಳೆಗಾಲದಲ್ಲಿ ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ಕೆಲಸ. ಆದ್ದರಿಂದ ಸೋರಿಕೆ ನಿಂತ ಮೇಲೂ ಕಲೆ ಒಣಗುವುದಿಲ್ಲ. ಹೊರಗೆ ಮೋಡ ಕಟ್ಟಿದ ದಿನ ಗಾಢವಾಗಿ, ಬಿಸಿಲಿನ ದಿನ ಮಂಕಾಗಿ ಕಾಣುತ್ತದೆ. ಆ ಮೀಟರ್ ವಿದ್ಯುತ್ ಹರಿಯುವಿಕೆಯನ್ನು ಅಳೆಯುತ್ತದೆ, ಉಪ್ಪಿದ್ದರೂ ಕೆಂಪು ತೋರಿಸುತ್ತದೆ. ಗಿಲಾವಿನ ಮೇಲೆ ಅದರ ಓದನ್ನು ನಂಬಬೇಡಿ.

ಸರಿಪಡಿಸುವ ಕ್ರಮ ಮೇಲಿನಿಂದ ಕೆಳಕ್ಕೆ. ಸೂರಿನ ಮೇಲೆ ಚಿಮಣಿಯ ತಲೆ, ಅದರ ಬುಡದ ಸೀಸದ ಫ್ಲ್ಯಾಶಿಂಗ್ (ಸಂದಿಗೆ ನೀರಿಳಿಯದಂತೆ ಹೊದಿಸಿದ ತಗಡು), ಗಾರೆ ಸಂದುಗಳನ್ನು ಪರೀಕ್ಷಿಸಿ ರಿಪೇರಿ. ಬಳಸದ ಹೊಗೆಕೊಳವೆಗೆ ಮಳೆ ಬೀಳದ, ಆದರೆ ಗಾಳಿ ಆಡುವ ಕ್ಯಾಪ್. ಒಳಗೆ ಇಲ್ಲಣ ಗುಡಿಸಿಸಿ, ಮುಚ್ಚಿದ ಅಗ್ಗಿಷ್ಟಿಕೆಯ ಬಾಯಿಗೆ ಗಾಳಿ ಜಾಲರಿ. ಮೇಲೆ ಕೆಳಗೆ ಎರಡೂ ಕಡೆ ಗಾಳಿ ಓಡಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹಲವು ತಿಂಗಳು ಒಣಗಲು ಬಿಟ್ಟು, ಆಮೇಲೆ ಉಪ್ಪು ಹಿಡಿದ ಗಿಲಾವನ್ನು ಕಲೆಯ ಅಂಚಿನಿಂದ 30 ಸೆಂ.ಮೀ. ಆಚೆವರೆಗೂ ಇಟ್ಟಿಗೆ ಕಾಣುವಂತೆ ಕೆತ್ತಿ ಸುಣ್ಣದ ಗಿಲಾವು ಹಾಕಿಸಿ. ಜಿಪ್ಸಮ್ ಬೇಡ, ಉಪ್ಪಿನ ಜೊತೆ ಅದು ಬಾಳುವುದಿಲ್ಲ. ಚಿಮಣಿಯ ತಲೆ ಮತ್ತು ಸೂರು ಸಾಮಾನ್ಯವಾಗಿ ಇಡೀ ಕಟ್ಟಡದ ಪಾಲು, ನಿಮ್ಮೊಬ್ಬರ ಖರ್ಚಲ್ಲ. ಲೀಸ್ (ಫ್ಲ್ಯಾಟ್‌ನ ದೀರ್ಘಾವಧಿ ಗುತ್ತಿಗೆ ಪತ್ರ) ಓದಿ ಖಚಿತಪಡಿಸಿಕೊಳ್ಳಿ.

ನೀವು ಹೇಳಿದ 'ವಿ' ಆಕಾರದ ಸೂರಿಗೆ ಲಂಡನ್ ರೂಫ್ ಅಥವಾ ಬಟರ್‌ಫ್ಲೈ ರೂಫ್ ಎನ್ನುತ್ತಾರೆ. ಎರಡು ಇಳಿಜಾರೂ ಮನೆಯ ನಟ್ಟನಡುವಿನ ಒಂದು ದೋಣಿಗೆ ಇಳಿಯುತ್ತವೆ. ಆ ದೋಣಿ ಮುಂದಿನಿಂದ ಹಿಂದಕ್ಕೆ ನೀರು ಸಾಗಿಸುತ್ತದೆ. ಇಡೀ ಸೂರಿನ ನೀರು ಒಂದೇ ದೋಣಿಯಲ್ಲಿ, ಒಂದೇ ಬಾಯಿಯಲ್ಲಿ. ಎಲೆ ಕಟ್ಟಿ ಬಾಯಿ ಮುಚ್ಚಿದರೆ ನೀರು ಒಳಕ್ಕೇ ಉಕ್ಕುತ್ತದೆ, ನಡುಗೋಡೆಯ ತಲೆಗೇ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ, ಎಲೆ ಉದುರಿದ ಮೇಲೆ ಮತ್ತು ವಸಂತದಲ್ಲಿ, ಗುಡಿಸುವ ಏರ್ಪಾಡು ಸರ್ವಿಸ್ ಚಾರ್ಜ್‌ನಲ್ಲಿ (ಕಟ್ಟಡದ ನಿರ್ವಹಣೆಗೆ ಎಲ್ಲ ಫ್ಲ್ಯಾಟ್‌ನವರೂ ಕೊಡುವ ಹಣ) ಇದೆಯೇ ನೋಡಿ. ಸೀಸದ ಹಾಳೆಗಳು 1.5 ಮೀಟರ್‌ಗಿಂತ ಬಹಳ ಉದ್ದವಿದ್ದರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಸೀಳುತ್ತವೆ.

ಬೀದಿ ಗೋಡೆಯ ಇನ್ಸುಲೇಷನ್ ವಿಚಾರದಲ್ಲಿ ತುಂಬ ಎಚ್ಚರ ಬೇಕು. ನಿಮ್ಮ ಮಹಡಿಯಲ್ಲಿ ಅದು 9 ಇಂಚಿನದೋ ಹದಿಮೂರೂವರೆ ಇಂಚಿನದೋ ಗಟ್ಟಿ ಇಟ್ಟಿಗೆ ಗೋಡೆ, ನಡುವೆ ಗಾಳಿ ಸಂದಿಲ್ಲ. ಮಳೆ ಹೊರಮೈ ನೆನೆಸುತ್ತದೆ, ಒಳಗಿನ ಬಿಸಿ ಅದನ್ನು ಒಣಗಿಸುತ್ತದೆ. ಮನೆ ಇಷ್ಟು ಕಾಲ ನಿಂತಿರುವುದೇ ಹೀಗೆ. ಒಳಗೆ ಫಾಯಿಲ್ ಹೊದ್ದ ಫೋಮ್ ಹಲಗೆ ಹೊಡೆದರೆ ಗೋಡೆ ತಣ್ಣಗೆ, ಒದ್ದೆಯಾಗಿ ಉಳಿಯುತ್ತದೆ. ಆ ಗೋಡೆಯೊಳಗೇ ಜಂತಿಗಳ ತುದಿ ಹೂತಿವೆ, ಜಂತಿಯಡಿಯ ಮರದ ಪಟ್ಟಿಯೂ ಇದೆ. ಮರದ ತೇವಾಂಶ 20 ಶೇಕಡಾ ದಾಟಿದರೆ ಲಡ್ಡು ಹಿಡಿಯಲು ಶುರು. ಮಾಡಿಸುವುದಾದರೆ 40ರಿಂದ 60 ಮಿ.ಮೀ. ಮರದ ನಾರಿನ ಹಲಗೆಯನ್ನು ಹಿಂದೆ ಟೊಳ್ಳು ಉಳಿಯದಂತೆ ಸುಣ್ಣದ ಗಾರೆಯಲ್ಲಿ ಒತ್ತಿ ಕೂರಿಸಿ, ಮೇಲೆ ಸುಣ್ಣದ ಗಿಲಾವು. ಅದಕ್ಕೂ ಮುಂಚೆ ಹೊರಗಿನ ಸಂದುಗಳಿಗೆ ಸಿಮೆಂಟ್ ಪಾಯಿಂಟಿಂಗ್ ಆಗಿದ್ದರೆ ಅದು ಹೋಗಿ ಸುಣ್ಣದ ಗಾರೆ ಬರಬೇಕು. ಸಂದು ಇಟ್ಟಿಗೆಗಿಂತ ಗಟ್ಟಿಯಾದರೆ ನೀರು ಇಟ್ಟಿಗೆಯ ಮೂಲಕವೇ ಹೊರಬೀಳಬೇಕಾಗುತ್ತದೆ, ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಹಾರಿಹೋಗುತ್ತದೆ. ಬೆಂಗಳೂರು, ಮೈಸೂರಿನ ಹಳೆಯ ಮದ್ರಾಸ್ ತಾರಸಿ ಮನೆಗಳಿಗೆ ಸಿಮೆಂಟ್ ಬಳಿದು ಕೆಡಿಸುವ ತಪ್ಪಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಮುಂದಿನ ಗೋಡೆ ಉಬ್ಬಿದೆಯೇ ಎಂದೂ ನೋಡಿ. ಆ ಕಾಲದಲ್ಲಿ ಮೇಸ್ತ್ರಿಗಳು ಜಮೀನನ್ನು ದೀರ್ಘಾವಧಿ ಗುತ್ತಿಗೆಗೆ ಹಿಡಿದು ಲಾಭಕ್ಕೆ ಸಾಲಾಗಿ ಕಟ್ಟುತ್ತಿದ್ದರು. ದುಬಾರಿ ಮುಖದ ಇಟ್ಟಿಗೆ ಉಳಿಸಲು ಅಡ್ಡ ಇಟ್ಟಿಗೆಗಳನ್ನು ಅರ್ಧಕ್ಕೆ ಮುರಿದು ಇಡುವುದೂ ಇತ್ತು. ಹೊರಗೆ ಉದ್ದ, ಅಡ್ಡ ಇಟ್ಟಿಗೆಗಳು ಒಂದಾದ ಮೇಲೊಂದು ಬರುವ ಚಂದದ ಫ್ಲೆಮಿಷ್ ಬಾಂಡ್ ಕಾಣುತ್ತದೆ. ಒಳಪದರಕ್ಕೂ ಹೊರಪದರಕ್ಕೂ ಹಿಡಿತ ಕಡಿಮೆ. ಕಿಟಕಿಯಿಂದ ತೂಗುಗುಂಡು ಇಳಿಬಿಟ್ಟರೆ ತಿಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸುರುಳಿ ಸರಳುಗಳಿಂದ ಎರಡು ಪದರ ಹೊಲಿಯುವ ರಿಪೇರಿ ಇದೆ, ಅದೂ ಕಟ್ಟಡದ ಒಟ್ಟು ಖರ್ಚು.

ಬಾಗಿಲವಾಡ

ಹೆಜ್ಜೆ ಸದ್ದಿಗೆ ಮೊದಲ ಮದ್ದು ಲೀಸ್ ಪತ್ರದಲ್ಲಿದೆ. ಈ ತರಹದ ಬಹಳಷ್ಟು ಲೀಸ್‌ಗಳಲ್ಲಿ ನೆಲಕ್ಕೆ ಕಾರ್ಪೆಟ್ ಹಾಕಲೇಬೇಕು ಎಂಬ ಕರಾರು ಇರುತ್ತದೆ. ಮೇಲಿನವರು ಅದನ್ನು ಕಿತ್ತು ಹಲಗೆ ಉಜ್ಜಿ ಪಾಲಿಶ್ ಮಾಡಿಸಿದ್ದರೆ ಸದ್ದಿನ ಅರ್ಧ ಕಾರಣ ಅದೇ. ದಪ್ಪ ಅಂಡರ್‌ಲೇ ಮತ್ತು ಕಾರ್ಪೆಟ್ ಹೆಜ್ಜೆ ಸದ್ದಿಗೆ ಮಾಡುವಷ್ಟನ್ನು ನಿಮ್ಮ ಸೀಲಿಂಗ್‌ಗೆ ಎಷ್ಟು ಸುರಿದರೂ ಮಾಡುವುದು ಕಷ್ಟ, ಏಕೆಂದರೆ ಪೆಟ್ಟು ಮರಕ್ಕೆ ಬೀಳುವ ಮೊದಲೇ ಅದು ತಡೆಯುತ್ತದೆ. ಮಾತು, ಟಿವಿ ಸದ್ದು ಬೇರೆ ಜಾತಿ. ಅದಕ್ಕೆ ತೂಕ ಬೇಕು, ಸಂದು ಮುಚ್ಚಬೇಕು.

ಇಂಗ್ಲೆಂಡಿನ ಕಟ್ಟಡ ನಿಯಮಗಳ ಇ ಭಾಗದಂತೆ ಈಗ ಮನೆಯನ್ನು ಫ್ಲ್ಯಾಟ್ ಮಾಡಿದರೆ ನೆಲ ಕನಿಷ್ಠ 43 ಡೆಸಿಬೆಲ್ ಗಾಳಿಸದ್ದು ತಡೆಯಬೇಕು, ಹೆಜ್ಜೆ ಸದ್ದು 64 ಡೆಸಿಬೆಲ್ ಮೀರಬಾರದು, ಪರೀಕ್ಷೆ ಮಾಡಿ ತೋರಿಸಬೇಕು. ಇದು 2003ರಲ್ಲಿ ಬಂದದ್ದು. 1980ರ ದಶಕದ ನಿಮ್ಮ ಫ್ಲ್ಯಾಟ್‌ಗೆ ಅದು ಹಿಂದಕ್ಕೆ ಅನ್ವಯಿಸುವುದಿಲ್ಲ, ಆದರೆ ಕೆಲಸ ಮಾಡಿಸುವಾಗ ಗುರಿಯಾಗಿ ಇಟ್ಟುಕೊಳ್ಳಿ.

ಸೀಲಿಂಗ್ ಇನ್ನೂ ಹಳೆಯದೇ ಆಗಿದ್ದರೆ, ಅಂದರೆ ಬೆರಳಗಲದ ಮರದ ಪಟ್ಟಿಗಳ ಮೇಲೆ ಬಳಿದ ಸುಣ್ಣದ ಗಿಲಾವು ಆಗಿದ್ದರೆ, ಕೆಡವಬೇಡಿ. ಸಾಧಾರಣ ಪ್ಲಾಸ್ಟರ್‌ಬೋರ್ಡ್‌ಗಿಂತ ಅದು ಎಷ್ಟೋ ಭಾರ, ಆ ಭಾರವೇ ಸದ್ದು ತಡೆಯುತ್ತಿದೆ. ಅದರ ಕೆಳಗೆ, ಅದಕ್ಕೆ ಎಲ್ಲೂ ತಾಗದಂತೆ, ಗೋಡೆಯಿಂದ ಗೋಡೆಗೆ ಸ್ವಂತ ಜಂತಿಗಳಿರುವ ಎರಡನೇ ಸೀಲಿಂಗ್ ಮಾಡಿಸಿ. ಹೊಸ ಜಂತಿಯ ತಲೆಗೂ ಹಳೆಯ ಸೀಲಿಂಗ್‌ಗೂ ಕನಿಷ್ಠ 25 ಮಿ.ಮೀ. ಸಂದು. ನಡುವೆ 100 ಮಿ.ಮೀ. ಮಿನರಲ್ ವುಲ್, ಕೆಳಗೆ ಎರಡು ಪದರ ಪ್ಲಾಸ್ಟರ್‌ಬೋರ್ಡ್, ಎರಡೂ ಸೇರಿ ಚದರ ಮೀಟರ್‌ಗೆ 20 ಕೆ.ಜಿ.ಗೆ ಕಮ್ಮಿ ಇರಬಾರದು, ಮೊದಲ ಪದರದ ಜೋಡುಗೆರೆಯ ಮೇಲೆ ಎರಡನೆಯದರ ಜೋಡುಗೆರೆ ಬರಬಾರದು. ಸುತ್ತಂಚಿಗೆ ಅಕೌಸ್ಟಿಕ್ ಸೀಲೆಂಟ್. ಒಂದೇ ಒಂದು ಸ್ಕ್ರೂ ಹಳೆಯ ಜಂತಿಗೆ ಹೋದರೂ ಪೆಟ್ಟಿನ ಸದ್ದು ಅದರಲ್ಲೇ ಇಳಿಯುತ್ತದೆ. ಒಳಗೆ ಕೊರೆದು ಕೂರಿಸುವ ದೀಪಗಳನ್ನು ದಯವಿಟ್ಟು ಬಿಟ್ಟುಬಿಡಿ, ಒಂದೊಂದು ತೂತೂ ಒಂದೊಂದು ಸೋರಿಕೆ.

ಇದನ್ನು ಕೇಳದಿದ್ದರೂ ಹೇಳಬೇಕು: ನಿಮ್ಮ ಮುಂಬಾಗಿಲು ನೋಡಿದಿರಾ? ನಾಲ್ಕು ಮನೆಗೂ ಒಂದೇ ಮೆಟ್ಟಿಲು. ಕೆಳಗೆ ಬೆಂಕಿ ಬಿದ್ದರೆ ಮೇಲಿನವರಿಗೆ ಬೇರೆ ದಾರಿಯಿಲ್ಲ. ಹಳೆಯ ಪ್ಯಾನೆಲ್ ಬಾಗಿಲು ನೋಡಲು ಗಟ್ಟಿಯಾದರೂ ನಡುವಿನ ಹಲಗೆ ಬೆರಳ ದಪ್ಪವೂ ಇರುವುದಿಲ್ಲ, ಬೆಂಕಿ ಅಲ್ಲೇ ಹಾಯುತ್ತದೆ. ಬೇಕಾದದ್ದು ಎಫ್‌ಡಿ30ಎಸ್ ಬಾಗಿಲು: 44 ಮಿ.ಮೀ. ದಪ್ಪ, 30 ನಿಮಿಷ ತಡೆಯುವಂಥದ್ದು, ಮೂರು ಉಕ್ಕಿನ ಕೀಲು, ತಾನಾಗಿ ಮುಚ್ಚುವ ಕ್ಲೋಸರ್, ಬಿಸಿಗೆ ಉಬ್ಬುವ ಪಟ್ಟಿ, ಜೊತೆಗೆ ತಣ್ಣನೆ ಹೊಗೆ ತಡೆಯುವ ಬ್ರಷ್. ಬಾಗಿಲಿಗೂ ಚೌಕಟ್ಟಿಗೂ ನಡುವೆ 3 ಮಿ.ಮೀ. ಆಸುಪಾಸು, ಒಂದು ಪೌಂಡ್ ನಾಣ್ಯ ಬಿಗಿಯಾಗಿ ತೂರುವಷ್ಟು, ಸಂದು. 2021ರ ಅಗ್ನಿ ಸುರಕ್ಷತೆ ಕಾಯ್ದೆಯ ನಂತರ ಫ್ಲ್ಯಾಟ್ ಬಾಗಿಲುಗಳೂ ಕಟ್ಟಡದ ಅಗ್ನಿ ತಪಾಸಣೆಯೊಳಗೆ ಬರುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಆ ತಪಾಸಣಾ ವರದಿಯ ಪ್ರತಿ ಕೇಳಿ. ಇಲ್ಲ ಎಂದರೆ ಅದೇ ಒಂದು ಉತ್ತರ.

ಮೊದಲ_ಮಹಡಿ

ಎಲ್ಲರಿಗೂ ಧನ್ಯವಾದ. ನೋಡಿದ್ದು ಇಷ್ಟು: ಹಲಗೆಗಳು ಬೀದಿಗೆ ಸಮಾನಾಂತರ. ಮೊಳೆ ಸಾಲು 380 ಮಿ.ಮೀ.ಗೆ ಒಂದು, ಹೊಸ್ತಿಲಲ್ಲಿ ಸುಮಾರು 55 ಮಿ.ಮೀ. ಪಕ್ಕಕ್ಕೆ ಸರಿದಿವೆ. ಸೀಲಿಂಗ್ ಹಳೆಯದೇ, ಮೂಲೆಯ ಬಿರುಕಿನಲ್ಲಿ ಮರದ ಪಟ್ಟಿ ಕಾಣುತ್ತದೆ; ಎತ್ತರ 3.05 ಮೀಟರ್. ಮೇಲಿನ ಫ್ಲ್ಯಾಟ್‌ನ ಮುಂದಿನ ಕೋಣೆಯಲ್ಲಿ ಚಿಮಣಿ ಉಬ್ಬೇ ಇಲ್ಲ, ಗೋಡೆ ಸಪಾಟು. ಆದರೆ ಬೀದಿಯ ಆಚೆ ಬದಿಯಿಂದ ನೋಡಿದರೆ ಸೂರಿನ ಮೇಲೆ ಚಿಮಣಿ ನಿಂತಿದೆ. ಇದು ಸರಿಯೇ?

ತೊಲೆಜಂತಿ

ನಿಮ್ಮ ನಡುಗೋಡೆ ಭಾರ ಹೊತ್ತಿರುವ ಗೋಡೆ ಎಂದೇ ಹಿಡಿಯಿರಿ.

ಚಿಮಣಿಯ ಸುದ್ದಿ ಗಂಭೀರವಾದದ್ದು. ಉಬ್ಬು ಎರಡನೇ ಮಹಡಿಯಲ್ಲಿ ಇಲ್ಲ, ಸೂರಿನ ಮೇಲೆ ಚಿಮಣಿಯ ಕಂಬ ಇದೆ ಎಂದರೆ ಆ ಇಟ್ಟಿಗೆಯ ಭಾರ ಈಗ ಯಾವುದರ ಮೇಲೆ ನಿಂತಿದೆ? ಪಾರ್ಟಿ ವಾಲ್‌ನ ದಪ್ಪದೊಳಗಿರುವ ಭಾಗ ಗೋಡೆಯ ಮೇಲೆ ಇರಬಹುದು, ಆದರೆ ನಿಮ್ಮ ಕಡೆಗೆ ಚಾಚಿರುವ ಭಾಗಕ್ಕೆ ಕೆಳಗೆ ಆಧಾರ ಬೇಕು. ಎರಡನೇ ಮಹಡಿಯ ಸೀಲಿಂಗ್‌ಗೂ ಸೂರಿಗೂ ನಡುವೆ ಉಕ್ಕಿನ ತೊಲೆ ಇರಬೇಕು, ಇಲ್ಲವೇ ಗೋಡೆಗೆ ಬೋಲ್ಟ್ ಮಾಡಿದ ತ್ರಿಕೋನದ ಗ್ಯಾಲೋಸ್ ಬ್ರ್ಯಾಕೆಟ್. ಹಳೆಯ ಸುಣ್ಣದ ಗಾರೆಯ 9 ಇಂಚಿನ ಗೋಡೆಗೆ ಆ ಬ್ರ್ಯಾಕೆಟ್‌ಗಳನ್ನು ಹಲವು ಕೌನ್ಸಿಲ್‌ಗಳು ಒಪ್ಪುವುದಿಲ್ಲ, ನೆರೆಮನೆಯವರೂ ತಮ್ಮ ಕಡೆಯ ಉಬ್ಬು ತೆಗೆದಿದ್ದರೆ ಖಂಡಿತ ಸಲ್ಲದು. ಬರೀ ಮರದ ಪಟ್ಟಿಯ ಮೇಲೆ ಬಿಟ್ಟಿರುವುದೂ ಉಂಟು. ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ದಾಖಲೆಯಲ್ಲಿ ಈ ಕೆಲಸದ ಪ್ರಮಾಣಪತ್ರ ಇದೆಯೇ ಎಂದು ನಿಮ್ಮ ಸಾಲಿಸಿಟರ್ ಮೂಲಕ ಲಿಖಿತವಾಗಿ ಕೇಳಿಸಿ. ಇಲ್ಲದಿದ್ದರೆ ಎಂಜಿನಿಯರ್ ಒಬ್ಬರು ಸೂರಿನ ಒಳಗೆ ಕಣ್ಣಾರೆ ನೋಡುವವರೆಗೂ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಹಿಂದೆ ಸರಿಯಲಾಗದ ಕ್ರಯ ಒಪ್ಪಂದ) ಮಾಡಬೇಡಿ. ಬಟರ್‌ಫ್ಲೈ ಸೂರಿನ ಒಳಗೆ ಅಟ್ಟ ಎಂಬುದೇ ಇರುವುದಿಲ್ಲ, ಪಾರ್ಟಿ ವಾಲ್ ಬದಿಯಲ್ಲಿ ಮಾತ್ರ ತೆವಳುವಷ್ಟು ಜಾಗ. ಸೀಲಿಂಗ್‌ನಲ್ಲಿ ತೂತು ಮಾಡಲು ಮೇಲಿನವರ ಒಪ್ಪಿಗೆ ಬೇಕಾಗುತ್ತದೆ.

ಬಾಗಿಲವಾಡ ಅವರು ಹೇಳಿದ ಎರಡನೇ ಸೀಲಿಂಗ್‌ಗೆ ಒಂದು ಮಾತು ಸೇರಿಸಬೇಕು. ಅದರ ಜಂತಿಗಳು ಬೀದಿ ಗೋಡೆಯಿಂದ ನಡುಗೋಡೆಗೆ ಹಾಯುತ್ತವೆ. 4 ಮೀಟರ್‌ಗೆ 170ರಿಂದ 200 ಮಿ.ಮೀ. ಆಳದ ಮರ ಬೇಕು. ಸಂದು, ಬೋರ್ಡ್ ಎಲ್ಲ ಸೇರಿ ಸೀಲಿಂಗ್ 250 ಮಿ.ಮೀ. ಹತ್ತಿರ ಇಳಿಯುತ್ತದೆ. 3.05ರಲ್ಲಿ 2.80 ಉಳಿಯುತ್ತದೆ, ವಾಸಕ್ಕೆ ಧಾರಾಳ, ಆದರೆ ಕಾರ್ನಿಸ್ ಮರೆಯಾಗುತ್ತದೆ, ಕಿಟಕಿಯ ತಲೆ ಸೀಲಿಂಗ್‌ಗೆ ತಾಗಬಹುದು. ಕಿಟಕಿ ಬಳಿ ಸೀಲಿಂಗ್ ಅನ್ನು ಮೇಲಕ್ಕೆ ಮಡಿಚಿ ಗೂಡು ಬಿಡಬೇಕಾಗುತ್ತದೆ. 16 ಚದರ ಮೀಟರ್ ಕೋಣೆಗೆ ಬೋರ್ಡ್ ಒಂದೇ 320 ಕೆ.ಜಿ.; ಅದರ ಅರ್ಧ ನಿಮ್ಮ ನಡುಗೋಡೆಯ ಪಾಲಿಗೆ. ಅಂದರೆ ಗೋಡೆಯ ತೆರಪಿನ ಲೆಕ್ಕವನ್ನೂ ಸೀಲಿಂಗ್ ಲೆಕ್ಕವನ್ನೂ ಒಬ್ಬರೇ ಎಂಜಿನಿಯರ್ ಒಟ್ಟಿಗೆ ಮಾಡಬೇಕು.

ಲೀಸ್‌ನಲ್ಲಿ ನಿಮ್ಮ ಆಸ್ತಿಯ ಗಡಿ ಎಲ್ಲಿದೆ ನೋಡಿ. ಬಹಳ ಕಡೆ ಕೆಳಗೆ ಹಲಗೆಯಿಂದ ಮೇಲೆ ಗಿಲಾವಿನವರೆಗೆ ಮಾತ್ರ ನಿಮ್ಮದು. ಜಂತಿ, ಭಾರ ಹೊತ್ತ ಗೋಡೆ ಫ್ರೀಹೋಲ್ಡರ್‌ದು, ಅಂದರೆ ಇಡೀ ಕಟ್ಟಡದ ಮೂಲ ಮಾಲೀಕರದು. ಹಾಗಿದ್ದರೆ ಲೈಸೆನ್ಸ್ ಟು ಆಲ್ಟರ್ ಎಂಬ ಒಪ್ಪಿಗೆ ಪತ್ರವಿಲ್ಲದೆ ಮುಟ್ಟುವಂತಿಲ್ಲ. ಆಮೇಲೆ ಪ್ಲಂಬರ್‌ಗೂ ಕಟ್ಟುನಿಟ್ಟಾಗಿ ಹೇಳಿ: ಜಂತಿಯ ತಲೆ ಕಡಿಯುವ ಕಚ್ಚು ಅದರ ಆಳದ ಎಂಟನೇ ಒಂದು ಭಾಗ ಮೀರಬಾರದು, ಅಂದರೆ 200 ಮಿ.ಮೀ. ಜಂತಿಗೆ 25; ಅದೂ ಆಧಾರದಿಂದ ಹಾಯುವಿಕೆಯ ಕಾಲು ಭಾಗದೊಳಗೆ. ನಡುಮಧ್ಯದಲ್ಲಿ ಕಡಿದ ಕಚ್ಚುಗಳೇ ಈ ಮನೆಗಳ ನೆಲ ಕುಣಿಯುವುದಕ್ಕೆ ದೊಡ್ಡ ಕಾರಣ.

ಗಾರೆಕೆಲಸ

ಮೇಲೆ ಚಿಮಣಿ ತೆಗೆದಿದ್ದರೆ ನನ್ನ ಹಿಂದಿನ ಉತ್ತರ ಬದಲಾಗುತ್ತದೆ. ನಿಮ್ಮ ಕೋಣೆಯ ಹೊಗೆಕೊಳವೆ ಈಗ ಎರಡನೇ ಮಹಡಿಯ ನೆಲದಲ್ಲಿ ಮುಚ್ಚಿಹೋದ ಡಬ್ಬಿ. ಪಾಟ್‌ಗೆ (ಸೂರಿನ ಮೇಲಿನ ಚಿಮಣಿಯ ಬಾಯಿಗೆ) ಕ್ಯಾಪ್ ಹಾಕಿಸಿದರೆ ನಿಮ್ಮ ಕಲೆಗೆ ಏನೂ ಆಗದು, ಆ ಪಾಟ್‌ಗೂ ನಿಮಗೂ ಸಂಬಂಧ ಕಡಿದಿದೆ. ಗಾಳಿಯಿಲ್ಲದ ಇಲ್ಲಣದ ಕೊಳವೆಯೊಳಗೆ ಆವಿ ನಿಂತು ಉಪ್ಪು ಹೊರಬರುತ್ತಿದೆ, ಅಥವಾ ಪಾರ್ಟಿ ವಾಲ್‌ನ ಆಚೆ ನೆರೆಯವರ ಕೊಳವೆಗೆ ಮಳೆ ಬೀಳುತ್ತಿದೆ. ಎರಡನ್ನೂ ನೋಡಬೇಕು. ನಿಮ್ಮ ಕಡೆ ಉಬ್ಬಿನ ಬುಡದಲ್ಲಿ ಒಂದು, ಸೀಲಿಂಗ್ ಕೆಳಗೆ ಒಂದು, ಹೀಗೆ ಎರಡು ಗಾಳಿ ಜಾಲರಿಯನ್ನು ಕೋಣೆಯ ಕಡೆಗೇ ಇಡಿಸಿ. ಇಡಿಸುವಾಗ ಕೊಳವೆಯ ತಲೆಯನ್ನು ನಿಜವಾಗಿ ಏನಿಟ್ಟು ಮುಚ್ಚಿದ್ದಾರೆ ಎಂದು ಟಾರ್ಚ್ ಬಿಟ್ಟು ನೋಡಬೇಕು. ಅಲ್ಲಿ ಬರೀ ಹಲಗೆ ಇದ್ದರೆ ನಿಮ್ಮ ಮನೆಯ ಹೊಗೆ ನೇರ ಮೇಲಿನವರ ನೆಲದಡಿಗೆ ಹೋಗುತ್ತದೆ. ಜಾಲರಿಗೆ ಮುಂಚೆ ಬೆಂಕಿ ತಡೆಯುವ ಮುಚ್ಚಳ ಆಗಬೇಕು.

ಕಿಟಕಿಯ ಬಗ್ಗೆ ನೀವು ಕೇಳಿಲ್ಲ, ಆದರೆ ತಣ್ಣಗಿನ ಗೋಡೆಯ ದೂರಿನಲ್ಲಿ ಅದರ ಪಾಲು ದೊಡ್ಡದು. ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ಹೋದ ಮೇಲೆ ದೊಡ್ಡ ಗಾಜಿನ ಸ್ಯಾಶ್ ಕಿಟಕಿ (ಮೇಲೆ ಕೆಳಗೆ ಜಾರುವ ಎರಡು ಚೌಕಟ್ಟಿನ ಕಿಟಕಿ) ಸಾಮಾನ್ಯವಾಯಿತು. ಭಾರ ಹೆಚ್ಚಿದ್ದಕ್ಕೆ ಮೇಲಿನ ಸ್ಯಾಶ್‌ನ ಕೆಳಮೂಲೆಗಳಲ್ಲಿ ಕೊಂಬಿನ ಹಾಗೆ ಮರ ಮುಂದಕ್ಕೆ ಬಿಟ್ಟು ಜೋಡಣೆ ಗಟ್ಟಿ ಮಾಡಿದರು. ನಿಮ್ಮ ಕಿಟಕಿಯಲ್ಲಿ ಆ ಕೊಂಬು ಇರಬಹುದು, ನೋಡಿ. ಚಳಿ ಬರುವುದು ಗಾಜಿಗಿಂತ ಹೆಚ್ಚಾಗಿ ಸಂದಿನಿಂದ. ನಡುಪಟ್ಟಿ, ಒಳಪಟ್ಟಿ ಬಿಚ್ಚಿ ಬ್ರಷ್ ಪಟ್ಟಿ ಕೂರಿಸಿ, ಹಗ್ಗ ಬದಲಿಸಿ, ಚೌಕಟ್ಟಿನ ಪೆಟ್ಟಿಗೆಯೊಳಗಿನ ಕಬ್ಬಿಣದ ಗುಂಡು ಸ್ಯಾಶ್‌ನ ತೂಕಕ್ಕೆ ಸರಿಹೊಂದಿದೆಯೇ ತೂಗಿ ನೋಡಿಸಿ. ಬೀದಿ ಸದ್ದೂ ಇದ್ದರೆ ಒಳಗೆ 6.4 ಮಿ.ಮೀ. ಲ್ಯಾಮಿನೇಟೆಡ್ ಗಾಜಿನ ಸೆಕೆಂಡರಿ ಗ್ಲೇಜಿಂಗ್ (ಇರುವ ಕಿಟಕಿಯ ಒಳಬದಿಗೆ ಎರಡನೇ ಗಾಜು), ಹಳೆಯ ಗಾಜಿನಿಂದ 100 ಮಿ.ಮೀ.ಗೆ ಕಮ್ಮಿಯಿಲ್ಲದ ಅಂತರದಲ್ಲಿ. ಒಳಗಿನ ಈ ಕೆಲಸಕ್ಕೆ, ಲಿಸ್ಟೆಡ್ ಅಲ್ಲವಾದ್ದರಿಂದ, ಪ್ಲ್ಯಾನಿಂಗ್ ಅನುಮತಿ ಬೇಡ. ಕಿಟಕಿಯನ್ನೇ ಬೇರೆ ನಮೂನೆಗೆ ಬದಲಿಸಲು ಬೇಕು. ಇಡೀ ಮನೆಗಳಿಗೆ ಇರುವ ಪರ್ಮಿಟೆಡ್ ಡೆವಲಪ್‌ಮೆಂಟ್ (ಅರ್ಜಿ ಹಾಕದೆ ಕೆಲವು ಬದಲಾವಣೆ ಮಾಡುವ) ಸೌಲಭ್ಯ ಫ್ಲ್ಯಾಟ್‌ಗಳಿಗಿಲ್ಲ. ಚೌಕಟ್ಟು ಫ್ರೀಹೋಲ್ಡರ್‌ದು, ಗಾಜು ಮಾತ್ರ ನಿಮ್ಮದು ಎಂಬ ಲೀಸ್‌ಗಳೂ ಇವೆ.

ಬಾಗಿಲವಾಡ

ಸಾಲಿಸಿಟರ್‌ಗೆ ಪಟ್ಟಿ ಕಳಿಸುವಾಗ ಇನ್ನೆರಡು ಸೇರಿಸಿ. 1980ರ ದಶಕದ ಕನ್ವರ್ಷನ್ 1991ರ ಕಟ್ಟಡ ನಿಯಮಗಳ ಮಟ್ಟಕ್ಕೆ ಇಲ್ಲದೆ, ಮೂರನೇ ಎರಡು ಭಾಗಕ್ಕಿಂತ ಕಡಿಮೆ ಫ್ಲ್ಯಾಟ್‌ಗಳಲ್ಲಿ ಮಾಲೀಕರೇ ವಾಸವಿದ್ದರೆ, ಇಡೀ ಕಟ್ಟಡ 2004ರ ವಸತಿ ಕಾಯ್ದೆಯ 257ನೇ ಕಲಮಿನ ಎಚ್‌ಎಂಒ (ಹಲವು ಕುಟುಂಬಗಳ ವಾಸದ ಕಟ್ಟಡ ಎಂಬ ಕಾನೂನು ವರ್ಗ) ಆಗುತ್ತದೆ. ನಾಲ್ಕರಲ್ಲಿ ಎರಡು ಬಾಡಿಗೆಗೆ ಹೋಗಿದ್ದರೆ ಸಾಕು. ಎರಡನೆಯದು, ಒಬ್ಬ ಲೀಸ್‌ದಾರರ ಪಾಲು 250 ಪೌಂಡ್ ಮೀರುವ ರಿಪೇರಿಗೆ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 20ನೇ ಕಲಮಿನ ನೋಟಿಸ್ ಕೊಡಬೇಕು. ಸೂರು, ದೋಣಿ, ಚಿಮಣಿ ಕೆಲಸಕ್ಕೆ ಅಂಥ ನೋಟಿಸ್ ಹೊರಟಿದೆಯೇ, ಹೊರಡುವುದಿದೆಯೇ ಕೇಳಿಸಿ. ಹೊರಟಿದ್ದರೆ ಆ ಮೊತ್ತವನ್ನು ಮಾರುವವರೇ ಕೊಡುವಂತೆ ಕಾಂಟ್ರ್ಯಾಕ್ಟ್‌ನಲ್ಲಿ ಬರೆಸಬಹುದು, ಕೊಂಡ ಮೇಲೆ ಆಗದು. ಸರ್ವೆಯನ್ನು ಲೆವೆಲ್ 3, ಅಂದರೆ ಅತಿ ವಿವರವಾದ ಕಟ್ಟಡ ತಪಾಸಣೆ, ಮಾಡಿಸಿ. ಸರ್ವೇಯರ್ ಬರುವ ದಿನವೇ ಮೇಲಿನ ಫ್ಲ್ಯಾಟ್‌ನವರು ಬಾಗಿಲು ತೆರೆಯಲು ಒಪ್ಪಿದರೆ ಆ ಚಿಮಣಿಯ ಪ್ರಶ್ನೆ ಒಂದೇ ಭೇಟಿಯಲ್ಲಿ ಇತ್ಯರ್ಥವಾಗುತ್ತದೆ.